ಹೊಸ ಕನ್ಸೋಲ್ ತಗೊಂಡೆ, ದುಡ್ಡು ಕೊಟ್ಟು ಕೊಂಡ 12 ಆಟಗಳಿಗೆ ಬೀಗ ಬಿದ್ದಿದೆ

ಶನಿವಾರದಾಟ · ಸೋಮವಾರ ರಾತ್ರಿ

ಎಂಟು ವರ್ಷ ಒಂದೇ ಕನ್ಸೋಲ್‌ನಲ್ಲಿ (ಟಿವಿಗೆ ಸೇರಿಸಿ ವಿಡಿಯೊ ಗೇಮ್ ಆಡುವ ಪೆಟ್ಟಿಗೆ) ಆಡಿಕೊಂಡು ಬಂದವನು ನಾನು. ಹೋದ ವಾರ ಅದೇ ಕಂಪನಿಯ ಮುಂದಿನ ತಲೆಮಾರಿನದು ತಗೊಂಡೆ. ಕಂಪನಿ ಹೆಸರು ಬೇಕಂತಲೇ ಬರೆದಿಲ್ಲ, ಬರೆದರೆ ಮಾತು ಬೇರೆ ಕಡೆ ಹೋಗುತ್ತೆ. ಹಳೇ ಆಟಗಳೆಲ್ಲ ಹೊಸದರಲ್ಲೂ ನಡೆಯುತ್ತವೆ ಅಂತ ಓದಿ, ಖಾತ್ರಿ ಮಾಡಿಕೊಂಡೇ ಕೊಂಡಿದ್ದು.

ಎರಡಕ್ಕೂ ಕೇಬಲ್ ಹಾಕಿ ಡೇಟಾ ವರ್ಗಾಯಿಸಿದೆ. ರಾತ್ರಿ ಪೂರ್ತಿ ಹಿಡಿಯಿತು. ಬೆಳಗ್ಗೆ ನೋಡಿದರೆ 43 ಆಟಗಳ ಚಿತ್ರವೂ ಬಂದಿತ್ತು. ಖುಷಿಯಲ್ಲಿ ಹಳೇದನ್ನು ಫ್ಯಾಕ್ಟರಿ ರೀಸೆಟ್ ಮಾಡಿ ಮಾರನೇ ದಿನವೇ ಮಾರಿಬಿಟ್ಟೆ.

ಆಮೇಲೆ ಒಂದೊಂದಾಗಿ ತೆರೆದಾಗ ಗೊತ್ತಾಯ್ತು. 31 ಆಟ ಸರಿಯಾಗಿವೆ. ಉಳಿದ 12 ಆಟಗಳ ಚಿತ್ರದ ಮೂಲೆಯಲ್ಲಿ ಒಂದು ಸಣ್ಣ ಬೀಗ. ಒತ್ತಿದರೆ ಚಕ್ರ ಒಂದೆರಡು ಸುತ್ತು ತಿರುಗುತ್ತೆ, ನಂತರ ಸೀದಾ ಕಂಪನಿಯ ಆನ್‌ಲೈನ್ ಅಂಗಡಿಯ ಪುಟಕ್ಕೆ ಕರೆದುಕೊಂಡು ಹೋಗಿ ಬೆಲೆ ತೋರಿಸುತ್ತೆ. ನೂರಾರು ಗಂಟೆ ಆಡಿದ ಆಟಕ್ಕೆ ಮತ್ತೆ ಬೆಲೆ!

ಇದರಲ್ಲಿ ಒಂದು ಮಗಳ ತೋಟದ ಆಟ. ಒಂಬತ್ತು ವರ್ಷದವಳು. "ನನ್ನ ಹಸು ಎಲ್ಲಿ ಹೋಯ್ತು" ಅಂತ ಕೇಳ್ತಿದಾಳೆ. ನನ್ನ ಹತ್ರ ಉತ್ತರ ಇಲ್ಲ. ಯಾರಿಗಾದರೂ ಹೀಗಾಗಿದೆಯಾ?

ನೀಲಿಬಟನ್ · ಸೋಮವಾರ ರಾತ್ರಿ

ಮೊದಲು ಗಾಬರಿ ಬಿಡಿ, ಹನ್ನೆರಡೂ ಹೋಗಿರೋದಿಲ್ಲ. ಸೆಟ್ಟಿಂಗ್ಸ್‌ನಲ್ಲಿ ಲೈಸೆನ್ಸ್ ಮರುಸ್ಥಾಪಿಸುವ ಆಯ್ಕೆ ಇದೆಯಾ ನೋಡಿ, ಇದ್ದರೆ ಒಂದು ಸಲ ಒತ್ತಿ. ಅಷ್ಟರಲ್ಲೇ ಸರಿಹೋಗುವುದೂ ಉಂಟು.

ಸರಿ ಹೋಗದಿದ್ದರೆ ಇದು ಹೇಳಿ. ಈ ಹನ್ನೆರಡನ್ನೂ ನಿಮ್ಮ ಅಕೌಂಟ್‌ನಿಂದಲೇ ಕೊಂಡಿದ್ದಾ? ಹಳೇ ಕನ್ಸೋಲ್‌ನಲ್ಲಿ ಬೇರೆ ಯಾರ ಅಕೌಂಟಾದರೂ ಇತ್ತಾ?

ಗುಬ್ಬಚ್ಚಿ · ಮಂಗಳವಾರ

ನೀಲಿಬಟನ್ ಕೇಳಿದ ಎರಡನೇ ಪ್ರಶ್ನೆ ಮುಖ್ಯ ಅಣ್ಣ. ನೆನಪಿನಿಂದ ಉತ್ತರ ಕೊಡಬೇಡಿ. ಮೇಲ್‌ನಲ್ಲಿ ಅಂಗಡಿಯ ರಸೀದಿಗಳನ್ನು ಹುಡುಕಿ, ಒಂದೊಂದು ಆಟಕ್ಕೂ ರಸೀದಿ ಇದೆಯಾ ತಾಳೆ ಹಾಕಿ. ನಾನೂ ಹಿಂದೆ "ಎಲ್ಲ ನನ್ನದೇ" ಅಂತ ವಾದ ಮಾಡಿದ್ದೆ. ಹುಡುಕಿದಾಗ ಅರ್ಧ ನಮ್ಮ ಅಕ್ಕನ ಹೆಸರಲ್ಲಿತ್ತು.

ಶನಿವಾರದಾಟ · ಮಂಗಳವಾರ ರಾತ್ರಿ

ಲೈಸೆನ್ಸ್ ಮರುಸ್ಥಾಪನೆ ಮಾಡಿದೆ. "ಪೂರ್ಣಗೊಂಡಿದೆ" ಅಂತ ಬಂತು, ಬೀಗ ಹಾಗೇ ಇದೆ.

ಎರಡು ಗಂಟೆ ಕೂತು ಮೇಲ್ ಎಲ್ಲ ಜಾಲಾಡಿದೆ. ಹನ್ನೆರಡರಲ್ಲಿ ದುಡ್ಡು ಕಟ್ಟಿದ ರಸೀದಿ ಸಿಕ್ಕಿದ್ದು ಎರಡಕ್ಕೆ ಮಾತ್ರ. ಮೂರಕ್ಕೆ ರಸೀದಿ ಇದೆ, ಆದರೆ ಮೊತ್ತ ಸೊನ್ನೆ. ಉಳಿದ ಏಳಕ್ಕೆ ಏನೂ ಇಲ್ಲ. ಆಗ ಹೊಳೆಯಿತು. ತಮ್ಮ ನಮ್ಮ ಜೊತೆ ಇದ್ದಾಗ ಅವನ ಅಕೌಂಟ್ ಅದೇ ಕನ್ಸೋಲ್‌ನಲ್ಲಿತ್ತು. ಖರ್ಚು ಅರ್ಧರ್ಧ ಹಾಕಿ ಅವನು ಕೊಳ್ತಿದ್ದ, ಇಬ್ಬರೂ ಆಡ್ತಿದ್ವಿ. ಅವನು ಬೇರೆ ಕಡೆ ಹೋಗಿ ಐದು ವರ್ಷವಾಯ್ತು. ಮಗಳ ತೋಟದ ಆಟವೂ ಅವನು ಕೊಂಡಿದ್ದೇ.

ಆದರೆ ಈ ಐದು ವರ್ಷವೂ ಅವು ನನ್ನ ಪ್ರೊಫೈಲ್‌ನಲ್ಲಿ ಒಂದು ತಕರಾರೂ ಇಲ್ಲದೆ ನಡೆದವಲ್ಲ? ಅದು ಹೇಗೆ?

ನೀಲಿಬಟನ್ · ಮಂಗಳವಾರ ರಾತ್ರಿ

ಅದೇ ಇದರ ಗುಟ್ಟು. ಇದನ್ನು ಸ್ವಲ್ಪ ಬಿಡಿಸಿ ಹೇಳ್ತೀನಿ, ತುಂಬಾ ಜನ ಎಡವುವುದು ಇಲ್ಲೇ.

ಡಿಜಿಟಲ್ ಆಟ ಕೊಂಡಾಗ ನಿಮಗೆ ಸಿಗುವುದು ಆಡುವ ಹಕ್ಕು, ಅದೇ ಲೈಸೆನ್ಸ್, ಅದು ಕೊಂಡವರ ಅಕೌಂಟ್‌ಗೆ ಅಂಟಿಕೊಂಡಿರುತ್ತೆ. ಅದರ ಮೇಲೆ ಇನ್ನೊಂದು ಅನುಕೂಲ ಇದೆ. ಪ್ರತಿ ಅಕೌಂಟ್‌ಗೂ ಒಂದು ಕನ್ಸೋಲ್ ಅನ್ನು ಮನೆಯ ಕನ್ಸೋಲ್ ಅಂತ ಗುರುತು ಹಾಕಬಹುದು. ಪ್ಲೇಸ್ಟೇಷನ್ 4ರಲ್ಲಿ ಅದಕ್ಕೆ ಪ್ರೈಮರಿ ಅಂತಿದ್ದರು, ಪ್ಲೇಸ್ಟೇಷನ್ 5ರಲ್ಲಿ ಅದು ಕನ್ಸೋಲ್ ಶೇರಿಂಗ್ ಮತ್ತು ಆಫ್‌ಲೈನ್ ಪ್ಲೇ ಅಂತಾಯ್ತು. ಎಕ್ಸ್‌ಬಾಕ್ಸ್‌ನಲ್ಲಿ ಹೋಮ್ ಎಕ್ಸ್‌ಬಾಕ್ಸ್. ಆ ಗುರುತು ಬಿದ್ದ ಪೆಟ್ಟಿಗೆಯಲ್ಲಿ ಆ ಅಕೌಂಟ್‌ನ ಆಟಗಳನ್ನು ಯಾವ ಪ್ರೊಫೈಲ್‌ನವರೂ ಆಡಬಹುದು, ಇಂಟರ್ನೆಟ್ ಇಲ್ಲದಿದ್ದರೂ ನಡೆಯುತ್ತೆ. ಗುರುತಿಲ್ಲದ ಪೆಟ್ಟಿಗೆಯಲ್ಲಿ ಕೊಂಡವರೇ ಲಾಗಿನ್ ಆಗಬೇಕು, ಲೈಸೆನ್ಸ್ ನೋಡೋದಕ್ಕೆ ನೆಟ್ ಬೇಕು.

ನಿಮ್ಮ ತಮ್ಮ ಹೋದ ಮೇಲೂ ಅವರ ಅಕೌಂಟ್‌ನ ಗುರುತು ನಿಮ್ಮ ಹಳೇ ಕನ್ಸೋಲ್ ಮೇಲೆ ಉಳಿದಿತ್ತು. ಯಾರೂ ಮುಟ್ಟಲಿಲ್ಲ, ಆಟ ನಡೀತು. ಕೇಬಲ್ ವರ್ಗಾವಣೆಯಲ್ಲಿ ಫೈಲುಗಳು ಬಂದವು, ಆ ಗುರುತು ಬರಲಿಲ್ಲ. ಅದಕ್ಕೇ 60 ಜಿಬಿ ಫೈಲ್ ನಿಮ್ಮ ಡಿಸ್ಕ್‌ನಲ್ಲೇ ಕೂತಿದ್ದರೂ ಬೀಗ.

ಕೆಟ್ಟ ಸುದ್ದಿ ಒಂದಿದೆ. ರೀಸೆಟ್ ಮಾಡಿದರೆ ಪೆಟ್ಟಿಗೆ ಖಾಲಿಯಾಗುತ್ತೆ, ಸರ್ವರ್‌ನಲ್ಲಿ ಇರುವ ದಾಖಲೆ ಎಷ್ಟೋ ಸಲ ಹಾಗೇ ಇರುತ್ತೆ. ನೀವು ಮಾರಿದ ಕನ್ಸೋಲೇ ಈಗಲೂ ನಿಮ್ಮ ತಮ್ಮನ ಮನೆಯ ಕನ್ಸೋಲ್ ಆಗಿರಬಹುದು. ಒಳ್ಳೆ ಸುದ್ದಿ ಅಂದರೆ, ತಮ್ಮ ಅವರ ಅಕೌಂಟ್‌ಗೆ ಹೋಗಿ ಅದನ್ನು ತೆಗೆಸಬಹುದು. ವೆಬ್‌ನಿಂದ ಎಲ್ಲ ಕನ್ಸೋಲ್‌ಗಳನ್ನೂ ಒಟ್ಟಿಗೆ ಬಿಡಿಸುವುದಕ್ಕೆ ಕಾಲಮಿತಿ ಇರುತ್ತೆ, ಪ್ಲೇಸ್ಟೇಷನ್‌ನಲ್ಲಿ ಆರು ತಿಂಗಳಿಗೊಮ್ಮೆ. ಹೋಮ್ ಎಕ್ಸ್‌ಬಾಕ್ಸ್ ಅನ್ನು ವರ್ಷಕ್ಕೆ ಐದು ಸಲ ಬದಲಿಸಬಹುದು. ಹಾಗಾಗಿ ಯೋಚನೆ ಮಾಡಿ ಒತ್ತಿ.

ಕೈಯಲ್ಲಿಡಿಸ್ಕ್ · ಮಂಗಳವಾರ ರಾತ್ರಿ

ಇದಕ್ಕೇ ನಾನು ಡಿಜಿಟಲ್ ಮುಟ್ಟಲ್ಲ. ಡಿಸ್ಕ್ ಇದ್ದರೆ ಇದ್ಯಾವುದೂ ಇಲ್ಲ. ಹಾಕಿದೆ, ಆಡಿದೆ, ಬೇಡವಾದರೆ ಸ್ನೇಹಿತನಿಗೆ ಕೊಟ್ಟೆ.

ಗುಬ್ಬಚ್ಚಿ · ಬುಧವಾರ

ಡಿಸ್ಕ್ ಬಗ್ಗೆ ನಿಮ್ಮ ಪ್ರೀತಿ ಅರ್ಥವಾಗುತ್ತೆ, ಆದರೆ ಕನ್ಸೋಲ್ ಬದಲಿಸುವಾಗ ಡಿಸ್ಕ್‌ನವರಿಗೂ ಕಷ್ಟ ಇದೆ. ಪ್ಲೇಸ್ಟೇಷನ್ 5ರ ಡಿಜಿಟಲ್ ಎಡಿಷನ್ ಡ್ರೈವ್ ಇಲ್ಲದೆ ಬಂತು. ಪ್ಲೇಸ್ಟೇಷನ್ 4ರ ಡಿಸ್ಕ್‌ಗಳ ರಾಶಿ ಇಟ್ಟುಕೊಂಡವರು ಆಗ ಅದನ್ನು ಕೊಂಡಿದ್ದರೆ ಡಿಸ್ಕ್ ತೂರಿಸೋಕೆ ಜಾಗವೇ ಇರಲಿಲ್ಲ. ನಿಂಟೆಂಡೊ ಕಂಪನಿಯ ಸ್ವಿಚ್ 2 ಕನ್ಸೋಲ್‌ಗೆ ಗೇಮ್ ಕೀ ಕಾರ್ಡ್ ಅಂತ ಬರುತ್ತಿದೆ, ಅದರೊಳಗೆ ಪೂರ್ತಿ ಆಟ ಇರಲ್ಲ. ಕಾರ್ಡ್ ಹಾಕಿ ನೆಟ್‌ನಿಂದ ಇಳಿಸಿಕೊಳ್ಳಬೇಕು. ಸರ್ವರ್ ಇರುವ ತನಕ ಮಾತ್ರ ಅದು ಹೊಸದಾಗಿ ಇಳಿಯುತ್ತೆ. ಮಾರಬಹುದು ಅನ್ನುವುದೊಂದು ನಿಜವಾದ ಅನುಕೂಲ, ಒಪ್ತೀನಿ.

ಹಳೇಕಾರ್ಟ್ರಿಡ್ಜ್ · ಬುಧವಾರ

ನನ್ನ ಅನುಭವ ಹೇಳ್ತೀನಿ, ಇವತ್ತಿನವರಿಗೆ ಇದು ಎಷ್ಟು ಬದಲಾಗಿದೆ ಅಂತ ಗೊತ್ತಾಗಲಿ. ನಿಂಟೆಂಡೊ ವೀ ಕಾಲದಲ್ಲಿ ಕೊಂಡ ಡಿಜಿಟಲ್ ಆಟ ಅಕೌಂಟ್‌ಗೆ ಸೇರುತ್ತಿರಲಿಲ್ಲ, ಆ ಪೆಟ್ಟಿಗೆಗೇ ಸೇರುತ್ತಿತ್ತು. ಅದರ ಮುಂದಿನ ಕನ್ಸೋಲ್ ವೀ ಯು ತಗೊಂಡಾಗ ಹಳೇ ವೀ ಜೀವಂತವಾಗಿ ಪಕ್ಕದಲ್ಲೇ ಇರಬೇಕು. ಎಸ್‌ಡಿ ಕಾರ್ಡ್ ಇಟ್ಟುಕೊಂಡು ಎರಡೂ ಕಡೆ ವರ್ಗಾವಣೆ ತಂತ್ರಾಂಶ ಓಡಿಸಬೇಕು. ನಾನು ಮಾಡಿದ್ದೆ. ತೆರೆಯ ಮೇಲೆ ಪಿಕ್‌ಮಿನ್ ಅನ್ನುವ ನಿಂಟೆಂಡೊ ಆಟದ ಪುಟ್ಟ ಜೀವಿಗಳು ಸಾಲಾಗಿ ಬಂದು ನನ್ನ ಆಟಗಳನ್ನು ತಲೆ ಮೇಲೆ ಹೊತ್ತು ಹಡಗಿಗೆ ತುಂಬಿಸುತ್ತಿದ್ದವು. ಕಣ್ಣು ಮಿಟುಕಿಸದೆ ನೋಡಿದ್ದೆ, ಕರೆಂಟ್ ಹೋಗಬಾರದು ಅಂತ ಒಂದೇ ಪ್ರಾರ್ಥನೆ. ಮುಗಿದ ಮೇಲೆ ಹಳೇ ಪೆಟ್ಟಿಗೆಯಲ್ಲಿ ಏನೂ ಉಳಿಯಲಿಲ್ಲ.

ಆ ವೀ ಅಂಗಡಿ 2019ರ ಜನವರಿ 30ಕ್ಕೆ ಮುಚ್ಚಿತು. ವೀ ಯು ಮತ್ತು ಕೈಯಲ್ಲಿ ಹಿಡಿದು ಆಡುವ 3ಡಿಎಸ್‌ನಲ್ಲಿ ಕೊಳ್ಳುವುದು 2023ರ ಮಾರ್ಚ್ 27ಕ್ಕೆ ನಿಂತಿತು. ಎಕ್ಸ್‌ಬಾಕ್ಸ್ 360ರ ಅಂಗಡಿ 2024ರ ಜುಲೈ 29ಕ್ಕೆ. ಪ್ಲೇಸ್ಟೇಷನ್ 3 ಮತ್ತು ಕೈಯಲ್ಲಿ ಹಿಡಿದು ಆಡುವ ವೀಟಾದ ಅಂಗಡಿಗಳನ್ನೂ ಮುಚ್ಚುತ್ತೇವೆ ಅಂತ 2021ರ ಮಾರ್ಚ್‌ನಲ್ಲಿ ಸೋನಿ ಹೇಳಿತ್ತು, ಆಟಗಾರರು ಗಲಾಟೆ ಮಾಡಿದ ಮೇಲೆ ಏಪ್ರಿಲ್‌ನಲ್ಲಿ ಆ ತೀರ್ಮಾನ ಹಿಂದೆ ತೆಗೆದುಕೊಂಡಿತು. ಮಾತಾಡಿದರೆ ಕೇಳ್ತಾರೆ ಅನ್ನೋಕೆ ನಾನು ಆಗಾಗ ಈ ಉದಾಹರಣೆ ಕೊಡ್ತೀನಿ.

ಅಂಗಡಿ ಮುಚ್ಚಿದ ದಿನವೇ ಕೊಂಡದ್ದೂ ಹೋಗುತ್ತೆ ಅಂತಲ್ಲ. ಎಕ್ಸ್‌ಬಾಕ್ಸ್ 360ರಲ್ಲಿ ಮುಂಚೆ ಕೊಂಡ ಆಟ ಅಂಗಡಿ ಮುಚ್ಚಿದ ಮೇಲೂ ಇಳಿಸಬಹುದು ಅಂದಿದ್ದಾರೆ. ಆದರೆ ಎಷ್ಟು ವರ್ಷ ಅಂತ ಯಾವ ಕಂಪನಿಯೂ ಬರೆದುಕೊಡುವುದಿಲ್ಲ.

ಶನಿವಾರದಾಟ · ಬುಧವಾರ ರಾತ್ರಿ

ಎಲ್ಲರಿಗೂ ಥ್ಯಾಂಕ್ಸ್. ತಮ್ಮನ ಜೊತೆ ಮಾತಾಡಿದೆ. ಅವನಿಗೆ ಪಾಸ್‌ವರ್ಡ್ ನೆನಪಿಲ್ಲ. ಮರುಹೊಂದಿಸೋಣ ಅಂದರೆ ಆ ಅಕೌಂಟ್‌ಗೆ ಕೊಟ್ಟಿದ್ದ ಮೇಲ್ ಅವನ ಕಾಲೇಜಿನದು, ಓದು ಮುಗಿದ ಮೇಲೆ ಮುಚ್ಚಿಹೋಗಿದೆ. ಫೋನ್ ನಂಬರೂ ಬದಲಾಗಿದೆ. ಕೇಳಿ ಕೈಕಾಲು ತಣ್ಣಗಾಯ್ತು.

ಆ ಸೊನ್ನೆ ರಸೀದಿಯ ಮೂರು ಆಟ ಏನು? ಅವನ್ನು ನಾನೇ ತಗೊಂಡಿದ್ದು ನೆನಪಿದೆ.

ನೀಲಿಬಟನ್ · ಬುಧವಾರ ರಾತ್ರಿ

ಅವು ಕಂಪನಿಯ ಆನ್‌ಲೈನ್ ಸೇವೆಯ ಚಂದಾದಾರರಿಗೆ ತಿಂಗಳು ತಿಂಗಳು ಕೊಡುವ ಆಟಗಳು. ಚಂದಾ ನಡೆಯುತ್ತಿರುವ ತನಕ ತೆರೆಯುತ್ತವೆ, ನಿಂತರೆ ಬೀಗ, ಮತ್ತೆ ಕಟ್ಟಿದರೆ ಮತ್ತೆ ತೆರೆಯುತ್ತವೆ. ಹೊಸ ಕನ್ಸೋಲ್‌ಗೂ ಅದಕ್ಕೂ ಸಂಬಂಧವಿಲ್ಲ. ಚಂದಾ ಅದೇ ಹೊತ್ತಿಗೆ ಮುಗಿದಿರಬೇಕು, ನೋಡಿ. ಒಂದು ವ್ಯತ್ಯಾಸ ತಿಳಿದಿರಲಿ. ಎಕ್ಸ್‌ಬಾಕ್ಸ್‌ನ ಗೇಮ್ಸ್ ವಿತ್ ಗೋಲ್ಡ್‌ನಲ್ಲಿ ಬಂದ 360ರ ಆಟಗಳು ಚಂದಾ ನಿಂತರೂ ನಿಮ್ಮ ಬಳಿಯೇ ಉಳಿಯುತ್ತಿದ್ದವು, ಅದರ ನಂತರದ ಎಕ್ಸ್‌ಬಾಕ್ಸ್ ಒನ್‌ನವು ಉಳಿಯುತ್ತಿರಲಿಲ್ಲ. ಒಂದೇ ಯೋಜನೆ, ಎರಡು ನಿಯಮ.

ರಸೀದಿ ಇರುವ ಎರಡು ಯಾವುವು?

ಶನಿವಾರದಾಟ · ಬುಧವಾರ ರಾತ್ರಿ

ಹೌದು, ಚಂದಾ ಎರಡು ವಾರದ ಹಿಂದೆ ಮುಗಿದಿದೆ. ಕಟ್ಟಿದರೆ ಸಾಕು ಅಂತಾಯ್ತು.

ರಸೀದಿ ಇರುವುದರಲ್ಲಿ ಒಂದು ಕಾರ್ ರೇಸ್ ಆಟ. ಇನ್ನೊಂದು ಡಿಎಲ್‌ಸಿ (ಆಟಕ್ಕೆ ಬೇರೆಯಾಗಿ ಕೊಂಡು ಸೇರಿಸುವ ಹೆಚ್ಚುವರಿ ಭಾಗ), ಅದರ ಮೂಲ ಆಟ ತಮ್ಮನ ಅಕೌಂಟ್‌ನಲ್ಲೇ ಇದೆ. ಹಾಗಾದರೆ ಅದಕ್ಕೆ ಬೀಗ ಬಿದ್ದಿರುವುದು ಮೂಲ ಆಟ ಸಿಗದೆ ಇರುವುದಕ್ಕೆ, ಅಲ್ವಾ? ರೇಸ್ ಆಟದ ಮೇಲೆ "ಸೇವೆ ಕೊನೆಗೊಂಡಿದೆ" ಅಂತ ಬರುತ್ತೆ.

ನೀಲಿಬಟನ್ · ಬುಧವಾರ ರಾತ್ರಿ

ಡಿಎಲ್‌ಸಿ ವಿಷಯ ಸರಿಯಾಗಿ ಹಿಡಿದಿರಿ. ಇಬ್ಬರ ಅಕೌಂಟೂ ಒಂದೇ ವಲಯದ್ದು, ಅಂದರೆ ಒಂದೇ ದೇಶದ ಅಂಗಡಿಯದ್ದು ತಾನೇ? ವಲಯ ಬೇರೆಯಾದರೆ ಎಷ್ಟೋ ಸಲ ಆಟ, ಡಿಎಲ್‌ಸಿ ಒಂದಕ್ಕೊಂದು ಕೂಡಲ್ಲ. ಹಳೇದರಲ್ಲಿ ನಡೆದಿತ್ತು ಅಂದರೆ ಒಂದೇ ಇರಬೇಕು.

ರೇಸ್ ಆಟದ ಬಗ್ಗೆ ನನ್ನಿಂದ ಏನೂ ಆಗಲ್ಲ. ಅದು ಮುಗಿದ ಕಥೆ.

ಷರತ್ತುಓದುವವಳು · ಗುರುವಾರ

ಆ ರೇಸ್ ಆಟದ ವಿಷಯಕ್ಕೇ ಬರ್ತೀನಿ. ಒಬ್ಬನೇ ಆಡಿದರೂ ಸರ್ವರ್‌ಗೆ ಜೋತುಬಿದ್ದಿರುವ ಆಟಗಳಿವೆ. ಯೂಬಿಸಾಫ್ಟ್ ಕಂಪನಿಯ ದಿ ಕ್ರೂ ಅನ್ನುವ ರೇಸ್ ಆಟ 2014ರಲ್ಲಿ ಬಂತು, 2024ರ ಮಾರ್ಚ್ 31ಕ್ಕೆ ಸರ್ವರ್ ನಿಂತಿತು. ಡಿಸ್ಕ್ ಇದ್ದವರಿಗೂ ಅದು ನಡೆಯಲಿಲ್ಲ. ಸ್ವಲ್ಪ ದಿನಕ್ಕೆ ಕೊಂಡವರ ಲೈಸೆನ್ಸ್‌ಗಳನ್ನೂ ವಾಪಸ್ ತೆಗೆದುಕೊಂಡರು. ಅದರಿಂದಲೇ ಸ್ಟಾಪ್ ಕಿಲ್ಲಿಂಗ್ ಗೇಮ್ಸ್ ಅನ್ನುವ ಚಳವಳಿ ಶುರುವಾಯ್ತು. ಮಾರಿದ ಆಟವನ್ನು ಸೇವೆ ನಿಲ್ಲಿಸಿದ ಮೇಲೂ ಆಡುವ ಸ್ಥಿತಿಯಲ್ಲಿ ಬಿಟ್ಟುಹೋಗಿ ಅನ್ನುವುದು ಅವರ ಬೇಡಿಕೆ. ಯುರೋಪಿನ ನಾಗರಿಕರ ಮನವಿಗೆ 2025ರ ಜುಲೈನಲ್ಲಿ 10 ಲಕ್ಷ ಸಹಿ ದಾಟಿತು.

ಇನ್ನೊಂದು ಕಡೆ ಕ್ಯಾಲಿಫೋರ್ನಿಯಾದಲ್ಲಿ ಒಂದು ಕಾನೂನು 2025ರ ಜನವರಿ 1ರಿಂದ ಜಾರಿಯಲ್ಲಿದೆ. ಡಿಜಿಟಲ್ ಸರಕಿಗೆ "ಖರೀದಿಸಿ" ಅನ್ನುವ ಪದ ಹಾಕಬೇಕಾದರೆ, ನೀವು ಪಡೆಯುತ್ತಿರುವುದು ಲೈಸೆನ್ಸ್ ಅಂತ ಗ್ರಾಹಕರಿಗೆ ಎದ್ದು ಕಾಣುವಂತೆ ಹೇಳಬೇಕು. ಇದರಿಂದ ಆಟ ಕಳೆದುಹೋಗುವುದು ನಿಲ್ಲಲ್ಲ, ಹೇಳಿ ಮಾರಬೇಕು ಅಷ್ಟೇ. ಡೌನ್‌ಲೋಡ್ ಮಾಡಿ ಆಫ್‌ಲೈನ್‌ನಲ್ಲಿ ಶಾಶ್ವತವಾಗಿ ಇಟ್ಟುಕೊಳ್ಳಬಹುದಾದ ಸರಕಿಗೆ ಈ ಎಚ್ಚರಿಕೆ ಬೇಕಿಲ್ಲ ಅಂತ ಆ ಕಾನೂನೇ ವಿನಾಯಿತಿ ಕೊಟ್ಟಿದೆ. ನನಗೆ ಆ ವಿನಾಯಿತಿಯೇ ಮುಖ್ಯ ಅನಿಸುತ್ತೆ. ಕೊಳ್ಳುವುದು ಅಂದರೆ ಏನು ಅಂತ ಅಲ್ಲಿ ಬರೆದಂತಾಯ್ತು.

ಶನಿವಾರದಾಟ ಅವರೇ, ತಮ್ಮನ ಅಕೌಂಟ್ ವಿಷಯದಲ್ಲಿ ಒಂದು ಮಾತು. ಪಾಸ್‌ವರ್ಡ್ ಸಿಕ್ಕರೂ ನೀವು ತಗೊಂಡು ನೀವೇ ಲಾಗಿನ್ ಆಗಬೇಡಿ. ಅಕೌಂಟ್ ಅವರದು, ಬೆಂಬಲ ತಂಡಕ್ಕೆ ಅವರೇ ಬರೆಯಲಿ, ಅವರೇ ಲಾಗಿನ್ ಆಗಲಿ. ಬೇರೆಯವರು ಬರೆದರೆ ಅನುಮಾನ ಬಂದು ಅಕೌಂಟ್ ಪೂರ್ತಿ ತಡೆಹಿಡಿಯುವ ಅಪಾಯ ಇದೆ.

ಕೈಯಲ್ಲಿಡಿಸ್ಕ್ · ಗುರುವಾರ

ಡಿಸ್ಕ್ ಇದ್ದವರಿಗೂ ದಿ ಕ್ರೂ ನಿಂತಿತು ಅನ್ನುವುದು ಗೊತ್ತಿರಲಿಲ್ಲ. ನನ್ನ ಕಪಾಟಿನಲ್ಲಿ ಹಾಗೆ ಎಷ್ಟಿವೆಯೋ, ಇವತ್ತು ಒಂದೊಂದಾಗಿ ನೆಟ್ ತೆಗೆದು ಹಾಕಿ ನೋಡ್ತೀನಿ.

ಗುಬ್ಬಚ್ಚಿ · ಗುರುವಾರ

ಅಣ್ಣ, ಮೇಲ್ ಮುಚ್ಚಿದ್ದರೂ ಅಕೌಂಟ್ ವಾಪಸ್ ತರಿಸಿಕೊಂಡವರನ್ನು ನೋಡಿದ್ದೀನಿ. ಸಹಾಯವಾಣಿಯವರು ಅಕೌಂಟ್ ನಿಮ್ಮದೇ ಅನ್ನೋಕೆ ಪುರಾವೆ ಕೇಳ್ತಾರೆ. ಮೊದಲು ಲಾಗಿನ್ ಆದ ಕನ್ಸೋಲ್‌ನ ಸೀರಿಯಲ್ ನಂಬರ್, ಹಳೇ ಆರ್ಡರ್ ನಂಬರ್, ಅಕೌಂಟ್ ಮಾಡುವಾಗ ಕೊಟ್ಟ ಜನ್ಮ ದಿನಾಂಕ, ಕಟ್ಟಿದ ಕಾರ್ಡಿನ ಕೊನೆಯ ನಾಲ್ಕು ಅಂಕಿ. ಹಳೇ ಕನ್ಸೋಲ್‌ನ ರಟ್ಟಿನ ಪೆಟ್ಟಿಗೆ ಇಟ್ಟುಕೊಂಡಿದ್ದೀರಾ? ಅದರ ಪಕ್ಕದಲ್ಲಿ ಬಿಳಿ ಚೀಟಿ ಇರುತ್ತೆ, ಬಾರ್‌ಕೋಡ್ ಕೆಳಗೆ ಸೀರಿಯಲ್ ನಂಬರ್ ಇರುತ್ತೆ.

ಶನಿವಾರದಾಟ · ಗುರುವಾರ ರಾತ್ರಿ

ಗುಬ್ಬಚ್ಚಿ, ನಿಮಗೆ ಎಷ್ಟು ಥ್ಯಾಂಕ್ಸ್ ಹೇಳಲಿ! ಮಾರುವಾಗ ರಟ್ಟಿನ ಪೆಟ್ಟಿಗೆ ಕೊಟ್ಟಿರಲಿಲ್ಲ. ಅಟ್ಟದ ಮೇಲೆ ಹಳೇ ಪುಸ್ತಕ ತುಂಬಿಸಿ ಇಟ್ಟಿದ್ದೆ. ಧೂಳು ಒರೆಸಿ ನೋಡಿದೆ. ಚೀಟಿಯ ಅರ್ಧ ಕಿತ್ತುಹೋಗಿದೆ, ನಂಬರ್ ಪೂರ್ತಿ ಇದೆ. ಫೋಟೊ ತೆಗೆದು ತಮ್ಮನಿಗೆ ಕಳಿಸಿದೆ. ಅವನ ಹಳೇ ಬ್ಯಾಂಕ್ ಲೆಕ್ಕದಲ್ಲಿ ಎರಡು ಆಟದ ವ್ಯವಹಾರ ಸಿಕ್ಕಿದೆ. ಸಹಾಯವಾಣಿಗೆ ಅವನೇ ಬರೆದಿದ್ದಾನೆ.

ಹಳೇಕಾರ್ಟ್ರಿಡ್ಜ್ · ಶುಕ್ರವಾರ

ಉತ್ತರ ಬರುವ ತನಕ ಒಂದು ಕೆಲಸ ಮಾಡಿ. ಆ ಏಳು ಆಟಗಳ ಫೈಲುಗಳನ್ನು ಅಳಿಸಬೇಡಿ. ಲೈಸೆನ್ಸ್ ಬಂದ ಮೇಲೆ ಬೀಗ ತಾನಾಗಿ ಬಿಡುತ್ತೆ, ಅಂಗಡಿಯಿಂದ ತೆಗೆದುಹಾಕಿದ ಆಟ ಏನಾದರೂ ಇದ್ದರೆ ಕೈಯಲ್ಲಿರುವ ಫೈಲ್‌ಗೆ ಬೆಲೆ ಜಾಸ್ತಿ. ಸಾಮಾನ್ಯವಾಗಿ ಮಾರಾಟದಿಂದ ತೆಗೆದ ಆಟವನ್ನೂ ಕೊಂಡವರು ಮತ್ತೆ ಇಳಿಸಬಹುದು. ಆದರೆ 2015ರಲ್ಲಿ ಪಿ.ಟಿ. ಅನ್ನುವ ಆಟವನ್ನು ಅಂಗಡಿಯಿಂದ ತೆಗೆದಾಗ ಮರು ಡೌನ್‌ಲೋಡ್ ಕೂಡ ನಿಲ್ಲಿಸಿದರು. ಕನ್ಸೋಲ್‌ನಲ್ಲಿ ಉಳಿಸಿಕೊಂಡವರ ಬಳಿ ಮಾತ್ರ ಉಳಿಯಿತು.

ಹಳೇದನ್ನು ಇನ್ನೂ ಮಾರದೆ ಈ ಚರ್ಚೆ ಓದುತ್ತಿರುವವರಿಗೆ: ಹೊಸದರಲ್ಲಿ ಒಂದೊಂದು ಆಟವನ್ನೂ, ಮನೆಯ ಪ್ರತಿಯೊಬ್ಬರ ಪ್ರೊಫೈಲ್‌ನಿಂದ, ಒಂದು ಸಲ ತೆರೆದು ಮುಖ್ಯ ಪರದೆ ಬರುವ ತನಕ ನೋಡಿ. ನೆಟ್ ತೆಗೆದೂ ನೋಡಿ. ಹಳೇದರಲ್ಲಿ ಪ್ರತಿ ಅಕೌಂಟ್‌ನ ಮನೆ ಗುರುತನ್ನೂ ನೀವೇ ತೆಗೆಯಿರಿ. ರೀಸೆಟ್ ಅದರ ನಂತರ. ಒಂದು ತಿಂಗಳು ಎರಡೂ ಪಕ್ಕಪಕ್ಕ ಇರಲಿ, ಅವಸರ ಏನೂ ಇಲ್ಲ.

ನೀಲಿಬಟನ್ · ಶುಕ್ರವಾರ

ಸೇವ್ ಫೈಲ್ (ಆಟದಲ್ಲಿ ಎಲ್ಲಿಯವರೆಗೆ ಬಂದಿದ್ದೀರಿ ಅನ್ನುವ ದಾಖಲೆ) ಬಗ್ಗೆ ಯಾರೂ ಹೇಳಲಿಲ್ಲ. ಆಟದ ಲೈಸೆನ್ಸ್ ಬೇರೆ, ಸೇವ್ ಬೇರೆ. ಲೈಸೆನ್ಸ್ ಕೊಂಡವರ ಅಕೌಂಟ್‌ನದು, ಸೇವ್ ಆಡಿದವರ ಪ್ರೊಫೈಲ್‌ನದು. ಮಗಳ ಪ್ರೊಫೈಲ್ ಆನ್‌ಲೈನ್ ಅಕೌಂಟ್‌ಗೆ ಸೇರಿಸಿತ್ತಾ?

ಶನಿವಾರದಾಟ · ಶುಕ್ರವಾರ ರಾತ್ರಿ

ಇಲ್ಲ. ಚಿಕ್ಕವಳು ಅಂತ ಬರೀ ಸ್ಥಳೀಯ ಪ್ರೊಫೈಲ್ ಮಾಡಿಕೊಟ್ಟಿದ್ದೆ. ವರ್ಗಾವಣೆಯಲ್ಲಿ ನನ್ನ ಪ್ರೊಫೈಲ್ ಮಾತ್ರ ಆಯ್ಕೆಯಾಗಿತ್ತು. ಈಗ ನೋಡಿದೆ, ಅವಳ ಸೇವ್ ಎಲ್ಲೂ ಇಲ್ಲ. 62 ಗಂಟೆ ಆಡಿದ್ದಳು. ಬಾವಿ ಪಕ್ಕ ಸಾಲಾಗಿ ಸೂರ್ಯಕಾಂತಿ ನೆಟ್ಟಿದ್ದಳು, ಹಸುವಿಗೆ ಬೆಳ್ಳಿ ಅಂತ ಹೆಸರಿಟ್ಟಿದ್ದಳು.

ರೀಸೆಟ್ ಒತ್ತುವ ಮುಂಚೆ ಎರಡು ಸಲ "ಖಚಿತವೇ" ಅಂತ ಕೇಳಿತು. ನಾನೇ ಹೌದು ಅಂದೆ. ಆಟ ಹೋಗಿದ್ದಕ್ಕಿಂತ ಇದೇ ಹೆಚ್ಚು ಸಂಕಟ ಆಗ್ತಿದೆ.

ಷರತ್ತುಓದುವವಳು · ಶನಿವಾರ

ನಿಮ್ಮ ಮೇಲೆ ಅಷ್ಟು ಹಾಕಿಕೊಳ್ಳಬೇಡಿ. "ಎಲ್ಲ ಡೇಟಾ ಅಳಿಸುತ್ತದೆ" ಅಂತ ಕೇಳುವ ಯಂತ್ರ, "ಈ ಪ್ರೊಫೈಲ್‌ನ ಸೇವ್ ಬೇರೆಲ್ಲೂ ಇಲ್ಲ" ಅಂತ ಹೇಳಬಹುದಿತ್ತು. ಅದಕ್ಕೆ ಗೊತ್ತಿತ್ತು. ಮಗಳಿಗೆ ಈ ಸಲ ಮಕ್ಕಳ ಅಕೌಂಟ್ ಮಾಡಿಕೊಡಿ, ಕುಟುಂಬದ ಗುಂಪಿಗೆ ಸೇರಿಸಿ.

ಹಳೇಕಾರ್ಟ್ರಿಡ್ಜ್ · ಶನಿವಾರ

ನಿಜಕ್ಕೂ ಬೇಜಾರಾಯ್ತು ಸರ್. ಹಂಚಿಕೊಳ್ಳುವುದನ್ನು ಕಣ್ಣಿಗೆ ಕಾಣುವ ಹಾಗೆ ಮಾಡಬಹುದು ಅನ್ನೋಕೆ ಒಂದು ಉದಾಹರಣೆ ಇದೆ. ಸ್ವಿಚ್‌ಗೆ 2025ರ ಏಪ್ರಿಲ್‌ನಲ್ಲಿ ವರ್ಚುವಲ್ ಗೇಮ್ ಕಾರ್ಡ್ ಬಂತು. ಡಿಜಿಟಲ್ ಆಟವೂ ಒಂದು ಕಾರ್ಡಿನ ಹಾಗೆ ತೆರೆಯಲ್ಲಿ ಕಾಣುತ್ತೆ, ಈ ಪೆಟ್ಟಿಗೆಯಿಂದ ತೆಗೆದು ಆ ಪೆಟ್ಟಿಗೆಗೆ ಹಾಕಬಹುದು, ಕುಟುಂಬದ ಗುಂಪಿನವರಿಗೆ ಎರಡು ವಾರ ಎರವಲು ಕೊಡಬಹುದು. ಅದರಲ್ಲೂ ಕೊರತೆಗಳಿವೆ, ಆದರೆ ಕಾರ್ಡ್ ಈಗ ಯಾವ ಪೆಟ್ಟಿಗೆಯಲ್ಲಿದೆ ಅಂತ ನೋಡಿದ ತಕ್ಷಣ ಗೊತ್ತಾಗುತ್ತೆ. ನಿಮ್ಮ ತಮ್ಮನ ಗುರುತು ಹಾಗೆ ಕಾಣುತ್ತಿದ್ದರೆ ನೀವು ಮಾರುವ ಮುಂಚೆಯೇ ನಿಲ್ಲುತ್ತಿದ್ದಿರಿ.

ಶನಿವಾರದಾಟ · ಬುಧವಾರ ರಾತ್ರಿ

ಸಹಾಯವಾಣಿಯವರು ಇವತ್ತು ತಮ್ಮನಿಗೆ ಅಕೌಂಟ್ ಬಿಟ್ಟುಕೊಟ್ಟರು. ಸೀರಿಯಲ್ ನಂಬರ್ ಮತ್ತು ಜನ್ಮ ದಿನಾಂಕ ಕೇಳಿದರಂತೆ, ಹೊಸ ಮೇಲ್ ಸೇರಿಸಿದರಂತೆ.

ನೀಲಿಬಟನ್ ಹೇಳಿದ್ದು ಅಕ್ಷರಶಃ ನಿಜ. ನಾನು ಮಾರಿದ ಕನ್ಸೋಲೇ ಇವತ್ತಿನವರೆಗೂ ಅವನ ಮನೆಯ ಕನ್ಸೋಲ್ ಅಂತ ದಾಖಲೆಯಲ್ಲಿತ್ತು. ಅದನ್ನು ಬಿಡಿಸಿದ. ಆಮೇಲೆ ವೀಡಿಯೊ ಕಾಲ್ ಮಾಡಿದ್ವಿ. ಟಿವಿಯಲ್ಲಿ ಬಂದ ಕ್ಯೂಆರ್ ಕೋಡ್‌ಗೆ ನನ್ನ ಫೋನ್ ಹಿಡಿದೆ, ಅವನು ಅವನ ಲ್ಯಾಪ್‌ಟಾಪ್ ತೆರೆಯ ಮೇಲೆ ಅದನ್ನು ಸ್ಕ್ಯಾನ್ ಮಾಡಿದ. ಎರಡು ಸಲ ಸಮಯ ಮೀರಿತು, ಕೈ ನಡುಗಿ ಚಿತ್ರ ಮಸುಕಾಗ್ತಿತ್ತು. ಮೂರನೇ ಸಲಕ್ಕೆ ಅವನ ಹೆಸರು ತೆರೆ ಮೇಲೆ ಬಂತು. ಗುರುತು ಹಾಕಿದ. ನಾನು ನನ್ನ ಪ್ರೊಫೈಲ್‌ಗೆ ವಾಪಸ್ ಬರುವಷ್ಟರಲ್ಲಿ ಏಳು ಬೀಗವೂ ಹೋಗಿದ್ದವು, ಡಿಎಲ್‌ಸಿಯದೂ ಸೇರಿ ಎಂಟು.

ಅವನು ಈಗ ಕನ್ಸೋಲ್ ಆಡುವುದಿಲ್ಲ. "ಇದು ನಿಮ್ಮನೇಲೇ ಇರಲಿ" ಅಂದ. ಬಹಳ ದಿನದ ಮೇಲೆ ಒಂದು ಗಂಟೆ ಮಾತಾಡಿದ್ವಿ. ಅಕೌಂಟ್‌ಗೆ ಎರಡು ಹಂತದ ಭದ್ರತೆ ಹಾಕಿಸಿದೆ, ಬ್ಯಾಕಪ್ ಕೋಡ್‌ಗಳನ್ನು ಅವನೂ ಬರೆದಿಟ್ಟುಕೊಂಡ.

ಚಂದಾದ ಮೂರು ಆಟಕ್ಕೆ ಇನ್ನೂ ಬೀಗ ಇದೆ, ಸದ್ಯ ಬೇಡ ಅನಿಸಿದೆ. ರೇಸ್ ಆಟವನ್ನು ಅಳಿಸಿದೆ.

ಮಗಳಿಗೆ ಮಕ್ಕಳ ಅಕೌಂಟ್ ಮಾಡಿಕೊಟ್ಟೆ. ಹಳೇ ತೋಟ ಸಿಗಲ್ಲ ಅಂತ ಮೊದಲೇ ಕೂರಿಸಿಕೊಂಡು ಹೇಳಿದ್ದೆ. ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ ಹೊಸ ಆಟ ಒತ್ತಿದಳು, ಬಾವಿ ಈ ಸಲ ಬೇರೆ ಮೂಲೆಗೆ ಬರಲಿ ಅಂದಳು. ಹಸು ಕೊಳ್ಳೋಕೆ ಇನ್ನೂ ದುಡ್ಡು ಸಾಲದು, ಹೆಸರು ಮಾತ್ರ ಆಗಲೇ ತೀರ್ಮಾನ ಆಗಿದೆ, ಬೆಳ್ಳಿ. ಅವಳು ಮಲಗಿದ ಮೇಲೆ ಸೇವ್ ಕ್ಲೌಡ್‌ಗೆ ಹೋಗಿದೆಯಾ ಅಂತ ತೆರೆದು ನೋಡಿದೆ. ಹೋಗಿದೆ, ರಾತ್ರಿ 9:12ಕ್ಕೆ.